ಲೆಕ್ಕ ಬೇಡ, ಸಾಕೇ ಎಂದು ಕೇಳಿ

ಜಿಮ್ಯಾಟ್, ಬ್ಯಾಂಕ್ ಪರೀಕ್ಷೆಗಳ ‘ಮಾಹಿತಿ ಸಾಕೇ?’ ಪ್ರಶ್ನೆಗಳಲ್ಲಿ ನಮ್ಮವರು ಅಂಕ ಕಳೆದುಕೊಳ್ಳುವುದು ಗಣಿತ ಬಾರದೆ ಅಲ್ಲ, ಬೇಡದ ಲೆಕ್ಕ ಮಾಡಿ ಎಂಬುದು ನನ್ನ ಅನಿಸಿಕೆ. ಐದು ಸಂಖ್ಯೆಗಳ ಮಾನಕ ವಿಚಲನೆ ಎಷ್ಟು? ಹೇಳಿಕೆ 1: ಸರಾಸರಿ 20. ಹೇಳಿಕೆ 2: ಅವು ಕ್ರಮಾನುಗತ ಪೂರ್ಣಾಂಕಗಳು.

ಹಲವರು ಎರಡನ್ನೂ ಸೇರಿಸಿ 18, 19, 20, 21, 22 ಎಂದು ಬರೆದು ‘ಎರಡೂ ಬೇಕು’ ಎನ್ನುತ್ತಾರೆ. ಅದೇ ಬಲೆ! 18ರಿಂದ 22 ಇರಲಿ, 101ರಿಂದ 105 ಇರಲಿ, ಸರಾಸರಿಯಿಂದ ಅವುಗಳ ದೂರ 2, 1, 0, 1, 2 ತಾನೇ? ಎರಡನೆಯ ಹೇಳಿಕೆಯೊಂದೇ ಸಾಕು. (ಉತ್ತರ 2ರ ವರ್ಗಮೂಲ, ಅದನ್ನು ಕಂಡುಹಿಡಿಯುವ ಕೆಲಸವೂ ಇಲ್ಲ.) ಬರೀ ಸರಾಸರಿ ಗೊತ್ತಿದ್ದರೆ? ಐದೂ 20 ಇರಬಹುದು. ನಾಲ್ಕು ಸೊನ್ನೆ, ಒಂದು 100 ಕೂಡ ಇರಬಹುದು.