ಉತ್ತರ ಬಾರದ ಅರ್ಜಿಗಳ ಗಣಿತ

ಫೆಬ್ರುವರಿ ತಿಂಗಳು ಬಂತೆಂದರೆ ಬೆಂಗಳೂರಿನ ಕೆಲವು ಮನೆಗಳಲ್ಲಿ ದೀಪ ಆರುವುದು ತಡವಾಗುತ್ತದೆ. ಪರೀಕ್ಷೆಯ ಓದು ಅದಕ್ಕೆ ಕಾರಣವಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿಗಳು ತೆರೆಯುವಾಗ ನಮ್ಮಲ್ಲಿ ರಾತ್ರಿ ಏಳೂವರೆ. ಅಲ್ಲಿನವರು ಸಂಜೆ ಐದಕ್ಕೆ ಮೇಜು ಮುಚ್ಚಿ ಹೊರಡುವಾಗ ಇಲ್ಲಿ ಬೆಳಗಿನ ಜಾವ ಮೂರೂವರೆ. ಈ ಎಂಟು ಗಂಟೆಗಳಲ್ಲಿ ಯಾವ ಗಳಿಗೆಯಲ್ಲಾದರೂ ಒಂದು ಇ-ಮೇಲ್ ಬರಬಹುದು ಎಂಬ ನಿರೀಕ್ಷೆಯಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಮಕ್ಕಳು ಮೊಬೈಲನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಾರೆ. ಮಲಗುತ್ತಾರೆ ಎನ್ನುವುದು ಮಾತಿಗೆ ಮಾತ್ರ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿಯ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತಾರೆ ಎಂಬ ಸಂಗತಿ ನನಗೆ ತಿಳಿದದ್ದು ನನ್ನ ತಂಗಿಯ ಮಗಳಿಂದ. ಅಂದಿನಿಂದ ಅವಳು ಎರಡೂವರೆಗೇ ನಿದ್ದೆ ಮಾಡಬಹುದಾಗಿತ್ತು.

ಅವಳು ಬೆಂಗಳೂರಿನಲ್ಲಿಯೇ ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು. ದ್ರವಗಳ ಹರಿವನ್ನು ವಿವರಿಸುವ ಸಮೀಕರಣಗಳನ್ನು ಕಂಪ್ಯೂಟರಿನ ನೆರವಿನಿಂದ ಬಿಡಿಸುವುದು ಅವಳ ಆಸಕ್ತಿಯ ವಿಷಯ. 2024ರ ಡಿಸೆಂಬರಿನಲ್ಲಿ ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳಿಗೆ ಅನ್ವಯಿಕ ಗಣಿತದ ಪಿಎಚ್.ಡಿ.ಗೆಂದು ಅರ್ಜಿ ಹಾಕಿದಳು. ಒಂದೊಂದು ಅರ್ಜಿಗೂ 75ರಿಂದ 125 ಡಾಲರ್ ಶುಲ್ಕ, ಅಂದರೆ ಅಂದಿನ ಲೆಕ್ಕದಲ್ಲಿ ಆರರಿಂದ ಹತ್ತು ಸಾವಿರ ರೂಪಾಯಿ. ಇದರ ಮೇಲೆ ಪರೀಕ್ಷೆಗಳ ವೆಚ್ಚ, ಮೂವರು ಅಧ್ಯಾಪಕರ ಶಿಫಾರಸು ಪತ್ರ, ತನ್ನ ಉದ್ದೇಶವನ್ನು ಎರಡು ಪುಟಗಳಲ್ಲಿ ನಿವೇದಿಸಿಕೊಳ್ಳುವ ಲೇಖನ. ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದ ನಾನು ಇಂಥ ಶಿಫಾರಸು ಪತ್ರಗಳನ್ನು ನೂರಾರು ಬರೆದಿದ್ದೇನೆ. ಪತ್ರ ಕಳುಹಿಸಿದ ನಂತರ ಆ ಹುಡುಗ ಹುಡುಗಿಯರು ಹೇಗೆ ಕಾಯುತ್ತಾರೆಂಬುದನ್ನು ಮಾತ್ರ ಹತ್ತಿರದಿಂದ ನೋಡಿರಲಿಲ್ಲ. ನೋಡಿದ ಮೇಲೆ ಅನ್ನಿಸಿದ್ದು ಇದು: ನಿರಾಕರಣೆಯನ್ನು ಈ ಮಕ್ಕಳು ತಾಳಿಕೊಳ್ಳಬಲ್ಲರು. ತಾಳಿಕೊಳ್ಳಲಾಗದ್ದು ಮೌನ. ಈ ಮೌನದ ದೊಡ್ಡ ಪಾಲು ಅನಗತ್ಯವಾದದ್ದು.

ವಿದೇಶದ ಎಂ.ಎಸ್. ಬೇರೆ, ಪಿಎಚ್.ಡಿ. ಬೇರೆ ಎಂಬುದನ್ನು ಇಲ್ಲಿ ಹೇಳಬೇಕು. ಎಂ.ಎಸ್. ಪದವಿಗೆ ಸಾಮಾನ್ಯವಾಗಿ ತಂದೆ ತಾಯಿ ಸಾಲ ಮಾಡಿ ಹಣ ತೆರುತ್ತಾರೆ. ಆದ್ದರಿಂದ ಅಲ್ಲಿ ಸೀಟುಗಳಿಗೆ ಅಷ್ಟು ಬರವಿಲ್ಲ. ಪಿಎಚ್.ಡಿ.ಯಲ್ಲಿ ಹಣ ಕೊಡುವುದು ವಿಶ್ವವಿದ್ಯಾಲಯ. ಶುಲ್ಕವನ್ನು ಮನ್ನಾ ಮಾಡಿ, ಐದು ವರ್ಷ ತಿಂಗಳ ವೇತನವನ್ನೂ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ವಿದ್ಯಾರ್ಥಿ ಕೆಳತರಗತಿಯವರಿಗೆ ಕ್ಯಾಲ್ಕುಲಸ್ ಹೇಳಿಕೊಡಬೇಕು, ಉತ್ತರಪತ್ರಿಕೆ ತಿದ್ದಬೇಕು, ಇಲ್ಲವೇ ಪ್ರಾಧ್ಯಾಪಕರ ಸಂಶೋಧನಾ ಅನುದಾನದಲ್ಲಿ ದುಡಿಯಬೇಕು. ಅಂದರೆ ಇದು ಪ್ರವೇಶವೂ ಹೌದು, ನೌಕರಿಯೂ ಹೌದು. ಗಣಿತದ ಮಕ್ಕಳು, ವಿಶೇಷವಾಗಿ ಸಂಬಳದಾರರ ಮನೆಯ ಮಕ್ಕಳು, ಹೊರದೇಶದ ಕನಸು ಕಾಣುವುದು ಈ ಬಾಗಿಲಿನ ಮೂಲಕವೇ.

ವಿಭಾಗದವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತು ಮಂದಿಗೆ ವೇತನ ಕೊಡುವಷ್ಟು ಹಣವಿರುವ ವಿಭಾಗವನ್ನು ಊಹಿಸಿಕೊಳ್ಳಿ. ಹತ್ತೇ ಜನರನ್ನು ಕರೆದರೆ ಅವರಲ್ಲಿ ಆರು ಮಂದಿ ಇನ್ನೂ ಹೆಸರಾದ ಕಡೆಗೆ ಹೋಗಿಬಿಡುತ್ತಾರೆ. ಇಪ್ಪತ್ತೈದು ಜನರನ್ನು ಕರೆದು ಹದಿನೈದು ಮಂದಿ ಒಪ್ಪಿಕೊಂಡರೆ ಹೆಚ್ಚಿನ ಐವರನ್ನು ಐದು ವರ್ಷ ಸಾಕಬೇಕು. ಹೀಗಾಗಿ ವಿಭಾಗ ಅರ್ಜಿಗಳನ್ನು ಮೂರು ರಾಶಿ ಮಾಡುತ್ತದೆ. ಮೊದಲ ರಾಶಿಯವರಿಗೆ ಜನವರಿ ಕೊನೆಯಿಂದಲೇ ಶುಭವಾರ್ತೆ ಹೋಗುತ್ತದೆ. ಮೂರನೆಯ ರಾಶಿಗೆ ನಿರಾಕರಣೆ. ನಡುವಿನ ರಾಶಿಯವರಿಗೆ ಏನನ್ನೂ ಹೇಳುವುದಿಲ್ಲ. ಮೊದಲ ರಾಶಿಯವರು ಬಾರದಿದ್ದರೆ ಇವರನ್ನು ಕರೆಯಬೇಕಲ್ಲ! ಎರಡನೆಯ ಆಯ್ಕೆ ಎಂದು ತಿಳಿದರೆ ಇವರು ಮುನಿಸಿಕೊಂಡು ಬೇರೆ ಕಡೆ ಹೋಗಿಬಿಟ್ಟಾರೆಂಬ ಅಳುಕೂ ಉಂಟು. ಹಲವು ವಿಭಾಗಗಳು ಮೂರನೆಯ ರಾಶಿಯವರಿಗೂ ತಿಂಗಳುಗಟ್ಟಲೆ ಏನನ್ನೂ ತಿಳಿಸುವುದಿಲ್ಲ. ಇದಕ್ಕೆ ಆಲಸ್ಯದ ಹೊರತು ಬೇರೆ ಕಾರಣ ನನಗೆ ಕಾಣುತ್ತಿಲ್ಲ.

ನಮ್ಮ ರೈಲ್ವೆಯನ್ನು ನಾವು ಎಷ್ಟಾದರೂ ಬೈಯುತ್ತೇವೆ. ಆದರೆ ಹುಬ್ಬಳ್ಳಿಗೆ ಟಿಕೆಟ್ ಕಾದಿರಿಸಲು ಹೋದವನಿಗೆ ಅದು ಸ್ಪಷ್ಟವಾಗಿ ಹೇಳುತ್ತದೆ: ವೇಟಿಂಗ್ ಲಿಸ್ಟ್ ಹದಿನೆಂಟು. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಏಳಾಗಿರುತ್ತದೆ, ಆಮೇಲೆ ಆರ್‌ಎಸಿ. ಹದಿನೆಂಟೆಂದರೆ ನಂಬಿ ಕೂರಬಹುದೇ, ಬಸ್ಸಿಗೆ ಟಿಕೆಟ್ ತೆಗೆಸಬೇಕೇ ಎಂಬುದನ್ನು ಪ್ರಯಾಣಿಕ ತಾನೇ ತೀರ್ಮಾನಿಸುತ್ತಾನೆ. ಒಂದು ರಾತ್ರಿಯ ಪ್ರಯಾಣಕ್ಕೆ ಸಿಗುವ ಈ ಮಾಹಿತಿ ಬದುಕಿನ ಐದಾರು ವರ್ಷಗಳ ಪ್ರಶ್ನೆಗೆ ಸಿಗುವುದಿಲ್ಲ.

ಇದರಲ್ಲಿ ಇನ್ನೊಂದು ವಿಪರ್ಯಾಸವೂ ಇದೆ. ಕಾಯುವವರ ಈ ಸಮಸ್ಯೆಯನ್ನು ಗಣಿತಜ್ಞರೇ ಬಹಳ ಹಿಂದೆ ಬಿಡಿಸಿದ್ದಾರೆ. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ‘ಅಮೆರಿಕನ್ ಮ್ಯಾಥಮ್ಯಾಟಿಕಲ್ ಮಂತ್ಲಿ’ ಪತ್ರಿಕೆಯಲ್ಲಿ ಏಳು ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಅದರ ವಿಷಯವೇ ಕಾಲೇಜು ಪ್ರವೇಶ, ಜೊತೆಗೆ ಮದುವೆ! ಅವರು ಸೂಚಿಸಿದ ವಿಧಾನ ಸರಳವಾದದ್ದು. ವಿದ್ಯಾರ್ಥಿಗಳು ತಮಗೆ ಬೇಕಾದ ಕಾಲೇಜುಗಳನ್ನು, ಕಾಲೇಜುಗಳು ತಮಗೆ ಬೇಕಾದ ವಿದ್ಯಾರ್ಥಿಗಳನ್ನು ಅನುಕ್ರಮವಾಗಿ ಬರೆದುಕೊಡಬೇಕು. ಪ್ರತಿ ವಿದ್ಯಾರ್ಥಿಯೂ ಮೊದಲು ತನ್ನ ಮೊದಲ ಆಯ್ಕೆಯ ಬಾಗಿಲು ತಟ್ಟುತ್ತಾನೆ. ಕಾಲೇಜು ತನ್ನಲ್ಲಿರುವ ಸೀಟುಗಳಷ್ಟು ಜನರನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡು ಮಿಕ್ಕವರನ್ನು ಕಳುಹಿಸಿಕೊಡುತ್ತದೆ. ಅವರು ತಮ್ಮ ಎರಡನೆಯ ಆಯ್ಕೆಗೆ ಹೋಗುತ್ತಾರೆ. ಅಲ್ಲಿ ಅವರಿಗಿಂತ ಕೆಳಗಿನವನೊಬ್ಬ ಕುಳಿತಿದ್ದರೆ ಅವನು ಎದ್ದು ಮುಂದಿನ ಕಡೆಗೆ ಹೋಗಬೇಕು. ತಟ್ಟಲು ಯಾರಿಗೂ ಬಾಗಿಲು ಉಳಿಯದಿದ್ದಾಗ ಎಲ್ಲವೂ ಅಂತಿಮ. ಆಗ ಒಬ್ಬರನ್ನೊಬ್ಬರು ಬಯಸಿಯೂ ತಪ್ಪಿಸಿಕೊಂಡ ವಿದ್ಯಾರ್ಥಿ ಮತ್ತು ಕಾಲೇಜಿನ ಒಂದು ಜೋಡಿಯೂ ಇರುವುದಿಲ್ಲ. ಈ ಸಾಧನೆಯಿಂದ ಹೊರಟ ಕೆಲಸಕ್ಕಾಗಿ ಶಾಪ್ಲಿ ಅವರಿಗೆ ಆಲ್ವಿನ್ ರಾತ್ ಅವರೊಡನೆ 2012ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಗೇಲ್ 2008ರಲ್ಲಿಯೇ ತೀರಿಕೊಂಡಿದ್ದರು.

ಇದು ಕೇವಲ ಪುಸ್ತಕದ ಬದನೆಕಾಯಿಯಾಗಿ ಉಳಿಯಲಿಲ್ಲ. ಅಮೆರಿಕದ ವೈದ್ಯಪದವೀಧರರಿಗೆ ತರಬೇತಿಯ ಆಸ್ಪತ್ರೆಗಳನ್ನು ಹಂಚುವ ಕೇಂದ್ರೀಯ ವ್ಯವಸ್ಥೆ 1952ರಿಂದಲೂ ನಡೆಯುತ್ತಿದೆ. ಅದು ಅನುಸರಿಸುತ್ತಿದ್ದುದು ಹೆಚ್ಚುಕಡಿಮೆ ಇದೇ ವಿಧಾನವನ್ನು ಎಂದು ರಾತ್ 1984ರಲ್ಲಿ ತೋರಿಸಿಕೊಟ್ಟರು. ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಆ ಎಲ್ಲ ಯುವ ವೈದ್ಯರಿಗೂ ತಮ್ಮ ಫಲಿತಾಂಶ ತಿಳಿದುಬಿಡುತ್ತದೆ. ನಮ್ಮಲ್ಲಿ ಐಐಟಿ, ಎನ್‌ಐಟಿಗಳ ಸೀಟು ಹಂಚಿಕೆ 2015ರಿಂದ ಒಟ್ಟಾಗಿ ನಡೆಯುತ್ತಿರುವುದೂ ಇದೇ ತತ್ತ್ವದ ಮೇಲೆ. ಸಿಇಟಿ ಕೌನ್ಸೆಲಿಂಗ್‌ನಲ್ಲಿ ಮಗನಿಗಾಗಿ ‘ಚಾಯ್ಸ್ 2’ ಒತ್ತಿ, ಸಿಕ್ಕ ಸೀಟನ್ನು ಬಿಡದೆಯೇ ಮುಂದಿನ ಸುತ್ತಿಗೆ ಕಾದು ಕುಳಿತ ಕರ್ನಾಟಕದ ಯಾವ ತಂದೆಗೂ ‘ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುವುದು’ ಎಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ಗೇಲ್ ಮತ್ತು ಶಾಪ್ಲಿ ಅವರ ಪ್ರಮೇಯವನ್ನು ತರಗತಿಯಲ್ಲಿ ಕಲಿಸುವ ಗಣಿತ ವಿಭಾಗಗಳು ತಮ್ಮ ಪ್ರವೇಶವನ್ನು ಇಂದಿಗೂ ಇ-ಮೇಲ್, ಅಂದಾಜು ಮತ್ತು ಮೌನಗಳಿಂದಲೇ ನಡೆಸುತ್ತಿವೆ.

ಪಿಎಚ್.ಡಿ. ಪ್ರವೇಶವನ್ನು ಹಾಗೆ ಯಂತ್ರಕ್ಕೆ ಒಪ್ಪಿಸಲಾಗದು ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. ಇಲ್ಲಿ ಸೀಟೆಂದರೆ ಒಬ್ಬ ಮಾರ್ಗದರ್ಶಕ, ಒಂದು ವಿಷಯ, ಒಂದು ಅನುದಾನ. ಮಾರ್ಗದರ್ಶಕರೊಡನೆ ಮಾತನಾಡಿ, ಊರು ನೋಡಿ, ವೇತನ ಸಾಲುತ್ತದೆಯೇ ಎಂದು ಲೆಕ್ಕ ಹಾಕಿದ ಮೇಲೆ ವಿದ್ಯಾರ್ಥಿಯ ಅನುಕ್ರಮವೇ ಬದಲಾಗಬಹುದು. ಆದ್ದರಿಂದ ಕೇಂದ್ರೀಯ ಹಂಚಿಕೆಯೇ ಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ನೀನು ಯಾವ ರಾಶಿಯಲ್ಲಿದ್ದೀಯೆ, ನಿನ್ನ ಮುಂದೆ ಎಷ್ಟು ಮಂದಿ ಇದ್ದಾರೆ, ಹಿಂದಿನ ವರ್ಷ ಆ ಪಟ್ಟಿ ಎಲ್ಲಿಯವರೆಗೆ ಇಳಿಯಿತು ಎಂದು ಮೂರು ಸಾಲು ಬರೆಯಲು ಯಾವ ಯಂತ್ರವೂ ಬೇಕಿಲ್ಲ. ನೂರು ಡಾಲರ್ ಶುಲ್ಕ ಪಡೆದವರಿಗೆ ಇದು ಭಾರವಾಗಬಾರದು.

ತಪ್ಪು ಒಂದೇ ಕಡೆಯದಲ್ಲ. ಏಪ್ರಿಲ್ 15ಕ್ಕೆ ಮೊದಲು ವಿದ್ಯಾರ್ಥಿಯಿಂದ ಉತ್ತರವನ್ನು ಒತ್ತಾಯಿಸಬಾರದೆಂಬ ನಿರ್ಣಯವೊಂದನ್ನು ಅಮೆರಿಕದ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಮಾಡಿಕೊಂಡಿದೆ. ಬಹಳಷ್ಟು ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಿವೆ. ಎಳೆಯರಿಗೆ ಯೋಚಿಸಲು ಅವಕಾಶವಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಹುಟ್ಟಿದ ನಿಯಮವಿದು. ಆದರೆ ನಾಲ್ಕು ಕಡೆ ಪ್ರವೇಶ ಸಿಕ್ಕ ಜಾಣ ವಿದ್ಯಾರ್ಥಿ, ಎಲ್ಲಿಗೆ ಹೋಗುವುದೆಂದು ಮಾರ್ಚ್ ಮೊದಲ ವಾರದಲ್ಲಿಯೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರೂ ಮಿಕ್ಕ ಮೂರನ್ನು ಕೊನೆಯ ದಿನದವರೆಗೆ ಬಿಟ್ಟುಕೊಡುವುದಿಲ್ಲ. ಆ ಮೂರು ಸ್ಥಾನಗಳ ಹಿಂದೆ ಮೂವರು ಉಸಿರು ಬಿಗಿಹಿಡಿದು ಕಾಯುತ್ತಿರುತ್ತಾರೆ. ‘ನಮ್ಮ ಹುಡುಗನಿಗೆ ನಾಲ್ಕು ಕಡೆ ಬಂದಿದೆ’ ಎಂದು ಮದುವೆ ಮನೆಯ ಪಂಕ್ತಿಯಲ್ಲಿ ಹೇಳಿಕೊಳ್ಳುವ ಸುಖಕ್ಕೆ ನಾವು, ಹಿರಿಯರು, ಇದನ್ನು ಪ್ರೋತ್ಸಾಹಿಸುತ್ತೇವೆ. ನನ್ನ ವಿದ್ಯಾರ್ಥಿಗಳೂ ಹೀಗೆ ಮಾಡಿದ್ದಾರೆ. ಬೇಡವಾದುದನ್ನು ಇಂದೇ ಬಿಟ್ಟುಬಿಡು ಎಂದು ಅವರಿಗೆ ನಾನು ಒಮ್ಮೆಯೂ ಹೇಳಲಿಲ್ಲ. ಅದು ನನಗೆ ಹೊಳೆದಿರಲೇ ಇಲ್ಲ.

ತಂಗಿಯ ಮಗಳು ಕಾದ ವರ್ಷ ಸಾಮಾನ್ಯವಾದದ್ದಾಗಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಸಂಶೋಧನಾ ಅನುದಾನಗಳ ಪರೋಕ್ಷ ವೆಚ್ಚಕ್ಕೆ ಶೇ 15ರ ಮಿತಿ ಹೇರುವುದಾಗಿ ಘೋಷಿಸಿತು. ನ್ಯಾಯಾಲಯ ಅದನ್ನು ತಡೆಯಿತಾದರೂ ವಿಶ್ವವಿದ್ಯಾಲಯಗಳು ಬೆದರಿ ಪಿಎಚ್.ಡಿ. ಪ್ರವೇಶಗಳನ್ನು ಕಡಿತಗೊಳಿಸತೊಡಗಿದವು. ಕೆಲವೆಡೆ ಕೊಟ್ಟ ಪ್ರವೇಶವನ್ನೇ ಹಿಂತೆಗೆದುಕೊಂಡರು. ಏಪ್ರಿಲ್‌ನಲ್ಲಿ, ಗಣಿತಕ್ಕೆ ಹೆಚ್ಚಿನ ಹಣ ಒದಗಿಸುವ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೇ ಅನುದಾನಗಳನ್ನು ರದ್ದುಪಡಿಸಲಾರಂಭಿಸಿತು. ಆರೋಗ್ಯ ಸಂಸ್ಥೆಯ ವೆಚ್ಚಕ್ಕೂ ದ್ರವಗಳ ಹರಿವಿನ ಸಮೀಕರಣಕ್ಕೂ ಏನು ಸಂಬಂಧ ಎಂದು ನನ್ನ ತಂಗಿ ಕೇಳಿದಳು. ವಿಶ್ವವಿದ್ಯಾಲಯದ ಬೊಕ್ಕಸ ಒಂದೇ, ಒಂದು ಮೂಲೆಯಲ್ಲಿ ತೂತು ಬಿದ್ದರೆ ಎಲ್ಲ ಮೂಲೆಗಳೂ ಒಣಗುತ್ತವೆ ಎಂದೆ. ಪ್ರವೇಶ ಸಿಕ್ಕವರೂ ಮೇ 27ರಿಂದ ಜೂನ್ 18ರವರೆಗೆ ವಿದ್ಯಾರ್ಥಿ ವೀಸಾಗಳಿಗೆ ಹೊಸ ಸಂದರ್ಶನದ ದಿನಾಂಕ ಸಿಗದೆ ಪರದಾಡಿದರು.

ಮಾರ್ಚ್ ಮಧ್ಯಭಾಗದ ವೇಳೆಗೆ ನಾಲ್ಕು ಕಡೆಯಿಂದ ನಿರಾಕರಣೆ ಬಂದಿತ್ತು. ಐದು ಕಡೆಯಿಂದ ಸುದ್ದಿಯಿಲ್ಲ. ಈ ನಡುವೆ ಬೆಂಗಳೂರಿನ ದತ್ತಾಂಶ ವಿಶ್ಲೇಷಣೆಯ ಕಂಪನಿಯೊಂದು ಅವಳಿಗೆ ನೌಕರಿ ಕೊಟ್ಟು, ಮಾರ್ಚ್ 31ರೊಳಗೆ ಒಪ್ಪಿಗೆ ತಿಳಿಸಬೇಕೆಂದು ಬರೆದಿತ್ತು. ಅಲ್ಲಿಯ ಏಪ್ರಿಲ್ 15ಕ್ಕೂ ಇಲ್ಲಿಯ ಮಾರ್ಚ್ 31ಕ್ಕೂ ನಡುವಿನ ಹದಿನೈದು ದಿನಗಳು ಮನೆಯವರನ್ನೆಲ್ಲ ಹಣ್ಣು ಮಾಡಿದವು. ಇಲ್ಲೇನು ಕಡಿಮೆ, ನಮ್ಮ ಐಐಎಸ್‌ಸಿ ಇದೆ, ಯಲಹಂಕದ ಕಡೆ ಟಾಟಾ ಸಂಸ್ಥೆಯ ಅನ್ವಯಿಕ ಗಣಿತದ ಕೇಂದ್ರವಿದೆ ಎಂದು ನಾನೂ ಸಮಾಧಾನ ಹೇಳಿದೆ. 2007ರಲ್ಲಿ ಏಬೆಲ್ ಪ್ರಶಸ್ತಿ ಪಡೆದ ಎಸ್.ಆರ್.ಎಸ್. ವರದನ್ ಪಿಎಚ್.ಡಿ. ಮಾಡಿದ್ದು ಕೋಲ್ಕತ್ತದಲ್ಲಿ, ನ್ಯೂಯಾರ್ಕಿಗೆ ಹೋದದ್ದು ಆಮೇಲೆ ಎಂದು ನೆನಪಿಸಿದೆ. ಅದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ‘ಮಾವ, ಇಲ್ಲ ಅಂತಲೇ ಹೇಳಲಿ, ಬೇಜಾರಿಲ್ಲ. ಏನಾದರೂ ಹೇಳಲಿ’ ಎಂದಳು.

ಕೊನೆಗೆ ಐದು ವಿಭಾಗಗಳಿಗೂ ತಾನೇ ಪತ್ರ ಬರೆದಳು. ಮೂರು ಕಡೆಯಿಂದ ಉತ್ತರವಿಲ್ಲ. ಒಂದು ಕಡೆಯಿಂದ ‘ಪ್ರಕ್ರಿಯೆ ಜಾರಿಯಲ್ಲಿದೆ’ ಎಂಬ ಸಿದ್ಧ ಒಕ್ಕಣೆ. ಐದನೆಯ ಕಡೆಯಿಂದ ಪ್ರಾಧ್ಯಾಪಕರೊಬ್ಬರು ಮರುದಿನವೇ ಬರೆದರು. ನೀವು ನಮ್ಮ ಎರಡನೆಯ ಪಟ್ಟಿಯಲ್ಲಿ ಆರನೆಯವರು, ಬೇರೆ ವರ್ಷಗಳಲ್ಲಿ ಎಂಟನೆಯವರವರೆಗೂ ಕರೆದದ್ದುಂಟು, ಈ ಬಾರಿ ನಮ್ಮ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದ್ದಾರೆ, ಒಬ್ಬಿಬ್ಬರನ್ನು ಮೀರಿ ಹೋಗಲಾರೆವು, ನಮ್ಮನ್ನು ನಂಬಿ ಬೇರೆ ಅವಕಾಶವನ್ನು ಬಿಡಬೇಡಿ ಎಂಬುದು ಅದರ ಸಾರ. ಕಹಿಯಾದ ಪತ್ರವೇ. ಆದರೆ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಆ ರಾತ್ರಿ ಹತ್ತಕ್ಕೆ ಮಲಗಿದಳು. 31ರಂದು ನೌಕರಿಗೆ ಒಪ್ಪಿಗೆ ಕಳುಹಿಸಿದಳು.

ಆ ಪ್ರಾಧ್ಯಾಪಕರ ವಿಭಾಗದಿಂದ ವಿಧ್ಯುಕ್ತ ನಿರಾಕರಣೆ ಏಪ್ರಿಲ್ 17ರಂದು ಬಂತು. ‘ಪ್ರಕ್ರಿಯೆ ಜಾರಿಯಲ್ಲಿದೆ’ ಎಂದಿದ್ದವರು ಜೂನ್‌ನಲ್ಲಿ ತಿಳಿಸಿದರು. ಇನ್ನೊಂದು ಕಡೆಯದು ಆಗಸ್ಟ್ ಕೊನೆಗೆ, ಅಲ್ಲಿ ತರಗತಿಗಳು ಆರಂಭವಾದ ಮೇಲೆ ತಲುಪಿತು. ಉಳಿದ ಎರಡು ವಿಶ್ವವಿದ್ಯಾಲಯಗಳ ಪುಟಗಳನ್ನು ಮೊನ್ನೆ ನಮ್ಮ ಮನೆಗೆ ಊಟಕ್ಕೆ ಬಂದಾಗ ಅವಳು ನಗುತ್ತ ತೆರೆದು ತೋರಿಸಿದಳು. ಅವುಗಳಲ್ಲಿ ಅವಳ ಅರ್ಜಿ ಈಗಲೂ ಪರಿಶೀಲನೆಯಲ್ಲಿಯೇ ಇದೆ.