ಗಾಯಾಳುವೇ ಏಕೆ ಅಲೆಯಬೇಕು?

1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ತನ್ನ ಕಾಲಕ್ಕೆ ದಿಟ್ಟ ಕಾನೂನು. ಅದಕ್ಕೂ ಮೊದಲು ಕೆಲಸದಲ್ಲಿ ಕೈ ಕಳೆದುಕೊಂಡವನು ಪರಿಹಾರ ಬೇಕೆಂದರೆ ಮಾಲೀಕನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ತಪ್ಪು ಯಾರದೆಂಬ ಪ್ರಶ್ನೆಯನ್ನು ಈ ಕಾಯ್ದೆ ಬದಿಗಿಟ್ಟಿತು: ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಅಪಘಾತವಾದರೆ ಮಾಲೀಕ ಪರಿಹಾರ ಕೊಡಬೇಕು. ಕಾರ್ಮಿಕ ಕುಡಿದಿದ್ದ, ಬೇಕೆಂದೇ ಯಂತ್ರದ ಸುರಕ್ಷಾ ಕವಚ ತೆಗೆದಿದ್ದ ಎಂಬ ವಾದ ಕೂಡ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣದಲ್ಲಿ ನಿಲ್ಲುವುದಿಲ್ಲ. ಈ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ವವನ್ನು ಉಳಿಸಿಕೊಂಡು, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಗಳಿಗೂ ಷರತ್ತಿನೊಡನೆ ಅದನ್ನು ವಿಸ್ತರಿಸಿದೆ. ಹಾಗಿದ್ದೂ ಗಾಯಾಳುವಿನ ಕೈಗೆ ಹಣ ಸೇರುವುದು ಕಷ್ಟವೇ. ದೋಷ ತತ್ವದಲ್ಲಿಲ್ಲ. ಅರ್ಜಿ ಹಾಕುವ, ದಾಖಲೆ ಹುಡುಕುವ, ಅಲೆಯುವ ಕೆಲಸವೆಲ್ಲ ಎದ್ದು ನಿಲ್ಲಲೂ ಆಗದವನ ಪಾಲಿಗೆ ಬಂದಿದೆ, ದೋಷ ಅಲ್ಲಿದೆ.

ಲೆಕ್ಕ ಹೇಗೆ ನಡೆಯುತ್ತದೆಂದು ನೋಡಿ. ಪವರ್ ಪ್ರೆಸ್ಸಿಗೆ ಸಿಕ್ಕಿ ಇಪ್ಪತ್ತೈದು ವರ್ಷದ ಕಾರ್ಮಿಕನ ತೋರುಬೆರಳು ಹೋಯಿತೆನ್ನೋಣ. 1923ರ ಕಾಯ್ದೆಯ ಅನುಸೂಚಿಯಲ್ಲಿ ಅದರ ಬೆಲೆ ಗಳಿಕೆಯ ಶಕ್ತಿಯ ಶೇ. 14. ಸಂಬಳದ ಶೇ. 60ನ್ನು ಆ ವಯಸ್ಸಿಗೆ ನಿಗದಿಯಾದ 216.91ರಿಂದ ಗುಣಿಸಿ, ಅದರ ಶೇ. 14 ಎಷ್ಟೆಂದು ಲೆಕ್ಕ ಹಾಕಬೇಕು. ಅವನು ಇಪ್ಪತ್ತು ಸಾವಿರ ದುಡಿಯುತ್ತಿದ್ದರೂ 2020ರಿಂದ ಆ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತಿದ್ದುದು 15,000 ರೂಪಾಯಿ. ಬರುವ ಮೊತ್ತ ಸುಮಾರು 2,73,000. ಈ ಮಿತಿ 2010ರಿಂದ 2020ರ ಆರಂಭದವರೆಗೆ 8,000ದಲ್ಲೇ ನಿಂತಿತ್ತು. ಆಗ ಅದೇ ಬೆರಳಿಗೆ ಒಂದೂವರೆ ಲಕ್ಷವೂ ದಾಟುತ್ತಿರಲಿಲ್ಲ. ಬೆಲೆ ಏರುತ್ತಿದ್ದ ಹತ್ತು ವರ್ಷ ಮಿತಿಯನ್ನು ಹಾಗೇ ಬಿಟ್ಟದ್ದು ಅನ್ಯಾಯವೆಂದೇ ಹೇಳಬೇಕು. ಅನುಸೂಚಿಗೆ ಬೆರಳು ಕಾಣುತ್ತದೆ, ಆ ಬೆರಳು ಮಾಡುತ್ತಿದ್ದ ಕೆಲಸ ಕಾಣುವುದಿಲ್ಲ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ನಷ್ಟ ಪೂರ್ಣವೇ ಎಂದು ಸುಪ್ರೀಂ ಕೋರ್ಟ್ ಎಪ್ಪತ್ತರ ದಶಕದಲ್ಲೇ ಹೇಳಿತ್ತು. ಆದರೆ ಅಂಥ ವಾದ ಮಂಡಿಸಲು ವಕೀಲರು ಬೇಕು, ವೈದ್ಯರ ಸಾಕ್ಷ್ಯ ಬೇಕು.

ಅದಕ್ಕೂ ಮೊದಲು ತಾನು ಅಲ್ಲಿ ಕೆಲಸಕ್ಕಿದ್ದೆ ಎಂಬುದನ್ನೇ ಗಾಯಾಳು ತೋರಿಸಬೇಕು. ಸೆಂಟ್ರಿಂಗ್ ಕೆಲಸಕ್ಕೆ ಬಂದ ವಲಸೆ ಕೂಲಿಗೆ ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಗೊತ್ತಿರುವುದು ಮೇಸ್ತ್ರಿಯ ಫೋನ್ ನಂಬರ್ ಮಾತ್ರ. ಗುತ್ತಿಗೆದಾರನ ಕೂಲಿಗೆ ಮೂಲ ಮಾಲೀಕನೂ ಹೊಣೆಯೆಂದು ಕಾನೂನು ಹೇಳುತ್ತದೆ, ಆದರೆ ಆ ಮಾಲೀಕ ಯಾರೆಂದು ಕೂಲಿಗೆ ಗೊತ್ತಿದ್ದರೆ ತಾನೇ? ಸಾಕ್ಷಿ ಹೇಳಬೇಕಾದ ಜೊತೆಗಾರರು ನಾಳೆಯೂ ಅದೇ ಮೇಸ್ತ್ರಿಯ ಕೈಕೆಳಗೆ ದುಡಿಯಬೇಕು. ಇಂಥ ಹೊತ್ತಿನಲ್ಲಿ ಆಸ್ಪತ್ರೆ ಖರ್ಚಿನ ಜೊತೆ ಒಂದಿಷ್ಟು ನಗದು ಕೊಟ್ಟು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಕುಟುಂಬ ಒಪ್ಪಿಬಿಡುತ್ತದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನಲ್ಲಿ ಅಸಿಂಧು. ಸಹಿ ಹಾಕಿದವರಿಗೆ ಅದನ್ನು ಹೇಳುವವರಿಲ್ಲ.

ಹೊಣೆಯನ್ನು ಬಿಗಿ ಮಾಡಿದರೆ ಸಣ್ಣ ಘಟಕಗಳು ಬಾಗಿಲು ಹಾಕುತ್ತವೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನಾಲ್ಕು ಯಂತ್ರ ಇಟ್ಟುಕೊಂಡು, ಸಾಲದ ಕಂತು ಕಟ್ಟುತ್ತಿರುವವನಿಗೆ ಒಂದೇ ಏಟಿಗೆ ಲಕ್ಷಗಟ್ಟಲೆ ಹೊಂದಿಸುವುದು ಕಷ್ಟ. ಆದರೆ ಇದು ವಿಮೆ ಬೇಕೆನ್ನುವ ಕಾರಣ, ಪರಿಹಾರ ಬೇಡವೆನ್ನುವ ಕಾರಣವಲ್ಲ. ರಸ್ತೆಗಿಳಿಯುವ ಸ್ಕೂಟರಿಗೆ ವಿಮೆ ಕಡ್ಡಾಯ ಮಾಡಿರುವ ನಾವು, ಇಎಸ್‌ಐ ಎಂಬ ನೌಕರರ ವಿಮಾ ಯೋಜನೆಯ ವ್ಯಾಪ್ತಿಗೆ ಬಾರದ ಶೆಡ್ಡಿನ ಪವರ್ ಪ್ರೆಸ್ಸಿಗೆ ಅದನ್ನು ಮಾಲೀಕನ ಇಷ್ಟಕ್ಕೆ ಬಿಟ್ಟಿದ್ದೇವೆ. ವಿಮೆಯಿಲ್ಲದಿದ್ದರೂ ಅಪಘಾತದ ಖರ್ಚು ಮಾಯವಾಗುವುದಿಲ್ಲ. ಗಾಯಾಳುವಿನ ಮನೆ ಅದನ್ನು ಸಾಲವಾಗಿ ಹೊರುತ್ತದೆ. ಸುಳ್ಳು ಅರ್ಜಿಗಳು ಹೆಚ್ಚುತ್ತವೆ ಎಂಬ ಇನ್ನೊಂದು ಮಾತೂ ಇದೆ. ಹಾಜರಿ ಮತ್ತು ಕೂಲಿಯ ದಾಖಲೆ ಸರಿಯಾಗಿಟ್ಟ ಮಾಲೀಕನಿಗೆ ಸುಳ್ಳನ್ನು ಬಯಲಿಗೆಳೆಯುವುದು ಕಷ್ಟವಲ್ಲ. ದಾಖಲೆಯನ್ನೇ ಇಡದವನಿಗೆ ಅದರ ಅಭಾವದಿಂದ ಲಾಭವಾಗಬಾರದು. ಅಂಥಲ್ಲಿ ಗಾಯಾಳುವಿನ ಮಾತನ್ನು ಮೊದಲು ನಂಬಿ, ಅಲ್ಲವೆಂದು ತೋರಿಸುವ ಭಾರ ಮಾಲೀಕನ ಮೇಲೆ ಹಾಕಬೇಕು.

ಅಲೆದಾಟ ತಪ್ಪಿಸುವ ದಾರಿಯೂ ಇದೆ. ಅಪಘಾತದ ಗಾಯಾಳು ಬಂದಾಗ ಆಸ್ಪತ್ರೆ ಹೇಗೂ ಎಂಎಲ್‌ಸಿ ಎಂಬ ವೈದ್ಯಕೀಯ-ಕಾನೂನು ವರದಿ ಬರೆದು ಪೊಲೀಸ್ ಠಾಣೆಗೆ ತಿಳಿಸುತ್ತದೆ. ಕೆಲಸದ ಜಾಗದ ಗಾಯವಾದರೆ ಅದರ ಒಂದು ಪ್ರತಿ ಪರಿಹಾರದ ಅರ್ಜಿ ವಿಚಾರಿಸುವ ಆಯುಕ್ತರಿಗೂ ಹೋಗಲಿ, ಅದನ್ನೇ ಅರ್ಜಿಯೆಂದು ದಾಖಲಿಸಿಕೊಂಡು ಮಾಲೀಕನಿಗೆ ನೋಟಿಸ್ ಹೊರಡಲಿ. ಮಾರಣಾಂತಿಕ ಅಪಘಾತವಾದಾಗ ಮಾಲೀಕನಿಂದ ಹೇಳಿಕೆ ತರಿಸಿಕೊಳ್ಳುವ ಅಧಿಕಾರವನ್ನು 1923ರ ಕಾಯ್ದೆಯೇ ಆಯುಕ್ತರಿಗೆ ಕೊಟ್ಟಿತ್ತು. ಸತ್ತವನ ವಿಷಯದಲ್ಲಿ ತಾನಾಗಿ ವಿಚಾರಿಸಬಲ್ಲ ಕಚೇರಿ, ಬದುಕುಳಿದವನು ಊರುಗೋಲು ಹಿಡಿದು ಬರಲಿ ಎಂದು ಕಾಯಬೇಕಾಗಿಲ್ಲ.