ಮರುಭೂಮಿಯ ಗಾಜು

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಪರದೇಶದಿಂದ ಬರುವಾಗ, ಶಾಲೆಯ ವಸ್ತುಸಂಗ್ರಹದ ಬೀರುವಿಗೆಂದು ನೆಲ್ಲಿಕಾಯಿ ಗಾತ್ರದ ಹಳದಿ ಗಾಜಿನ ತುಂಡೊಂದನ್ನು ಕೊಂಡು ತಂದಳು. ಅವಳ ಪ್ರೀತಿಗೆ ನಾನು ಋಣಿ. ಆದರೆ ಅಂಥದನ್ನು ಇನ್ನು ಮುಂದೆ ಯಾರೂ ಹಣ ಕೊಟ್ಟು ತರಬಾರದೆಂದು ಬಿನ್ನವಿಸುವುದಕ್ಕಾಗಿಯೇ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಮಾರಿದವನು ಅದನ್ನು ಲಿಬಿಯಾ ಮರುಭೂಮಿಯ ಗಾಜೆಂದು ಹೇಳಿದನಂತೆ. ಆ ಹೆಸರಿನ ಗಾಜು ಕುಲುಮೆಯಲ್ಲಿ ಹುಟ್ಟಿದುದಲ್ಲ. ಐಗುಪ್ತ ದೇಶದ ಪಶ್ಚಿಮದ ಅಂಚಿನಲ್ಲಿ, ಮಹಾ ಮರಳುಸಾಗರವೆಂಬ ಪ್ರದೇಶದಲ್ಲಿ ಅದು ದೊರಕುತ್ತದೆ. ಸುಮಾರು 2 ಕೋಟಿ 90 ಲಕ್ಷ ವರ್ಷಗಳ ಹಿಂದೆ ಉಲ್ಕೆಯೊಂದು ಎರಗಿದಾಗ ಅಲ್ಲಿಯ ಮರಳು ಕರಗಿ, ಬೇಗನೆ ತಣಿದು ಗಾಜಾಯಿತು. ಅದರಲ್ಲಿ ನೂರಕ್ಕೆ 98 ಪಾಲಿನಷ್ಟು ಬರಿಯ ಸಿಲಿಕವೇ. 1932ರಲ್ಲಿ ಪ್ಯಾಟ್ರಿಕ್ ಕ್ಲೇಟನ್ ಎಂಬ ಭೂಮಾಪಕನು ಅದನ್ನು ವಿದ್ವಾಂಸರ ಗಮನಕ್ಕೆ ತಂದನು. ಶಿಲಾಯುಗದ ಜನರು ಅದಕ್ಕೂ ಬಹು ಮೊದಲೇ ಅದರಿಂದ ಅಲಗುಗಳನ್ನು ಮಾಡಿಕೊಂಡಿದ್ದರು! 1922ರಲ್ಲಿ ಹೋವರ್ಡ್ ಕಾರ್ಟರನು ಕಂಡುಹಿಡಿದ ಟುಟಾಂಖಾಮನ್ ಅರಸನ ಸಮಾಧಿಯಲ್ಲಿ ಒಂದು ಎದೆಪದಕವಿತ್ತು. ಅದರ ನಡುವಣ ಸೆಗಣಿಹುಳದ ಆಕೃತಿಯೂ ಈ ಗಾಜಿನದೇ. ಕಾರ್ಟರನು ಅದನ್ನು ಬೇರೊಂದು ಕಲ್ಲೆಂದೇ ತಿಳಿದಿದ್ದನು. ನಿಜವು ಹೊರಪಟ್ಟದ್ದು 1990ರ ದಶಕದಲ್ಲಿ. ನಮ್ಮ ಹುಡುಗಿಯರಿಗೆ ಈ ಸಂಗತಿಯೇ ಎಲ್ಲಕ್ಕಿಂತ ಪ್ರಿಯವಾಯಿತು.

ಕರಗಿಸಿದ ಸೀಸೆಯ ಚೂರನ್ನೂ ಇದೇ ಹೆಸರಿನಲ್ಲಿ ಮಾರುವವರುಂಟು. ಗುಳ್ಳೆಗಳಿದ್ದರೆ ಸಾಚಾ ಎಂದು ನಂಬಬಾರದು. ಸೀಸೆಯ ಗಾಜಿನಲ್ಲಿಯೂ ಗುಳ್ಳೆಗಳಿರುತ್ತವೆ. ಸೀಸೆಯ ಗಾಜು ನೀರಿಗಿಂತ ಸುಮಾರು ಎರಡೂವರೆ ಪಾಲು ತೂಕ, ಮರುಭೂಮಿಯದು 2.2 ಪಾಲು ಮಾತ್ರ. ಹತ್ತನೆಯ ತರಗತಿಯವರು ನಮ್ಮ ತುಂಡನ್ನು ನೂಲಿನಿಂದ ನೀರಿನಲ್ಲಿ ತೂಗುಬಿಟ್ಟು ಲೆಕ್ಕಹಾಕಿದರು. ಉತ್ತರ 2.2ರ ಸಮೀಪಕ್ಕೇ ಬಂದಿತು. ತರಗತಿಯಲ್ಲಿ ಚಪ್ಪಾಳೆ.

ನನ್ನ ಆಕ್ಷೇಪವು ಅಲ್ಲಿಂದಲೇ ಆರಂಭ. ಉಲ್ಕೆ ನೆಲಕ್ಕೆ ಬಡಿಯಿತೋ, ಆಕಾಶದಲ್ಲಿಯೇ ಸಿಡಿಯಿತೋ ಎಂಬ ವಾದ ಬಹುಕಾಲ ನಡೆಯಿತು. 2019ರಲ್ಲಿ ಪ್ರಕಟವಾದ ಸಂಶೋಧನೆಯು ಗಾಜಿನೊಳಗಿನ ಜಿರ್ಕಾನ್ ಕಣಗಳನ್ನು ಪರೀಕ್ಷಿಸಿ, ನೆಲಕ್ಕೇ ಬಡಿದಿರಬೇಕೆಂದು ಹೇಳಿತು. ಆದರೆ ಎಲ್ಲರೂ ಒಪ್ಪುವಂಥ ಹೊಂಡ ಇನ್ನೂ ಸಿಕ್ಕಿಲ್ಲ. ಯಾವ ತುಂಡು ಎಲ್ಲಿ ಬಿದ್ದಿತ್ತು, ಎಲ್ಲಿ ದಟ್ಟವಾಗಿತ್ತು, ಎಲ್ಲಿ ವಿರಳವಾಗಿತ್ತು ಎಂಬುದೇ ಅದನ್ನು ಹುಡುಕುವವರಿಗೆ ಸುಳಿವು. ಕೊಳ್ಳುವವರಿರುವ ತನಕ ಆಯುವವರಿದ್ದಾರೆ. ಆಯುವವನು ಸ್ಥಳವನ್ನು ಬರೆದಿಡುವನೇ? ಆ ಮರಳಿನಲ್ಲಿ ಈ ಗಾಜು ಇನ್ನೊಮ್ಮೆ ಬೆಳೆಯುವ ಫಸಲೂ ಅಲ್ಲ.

ಆದುದರಿಂದ ನಮ್ಮ ಬೀರುವಿನ ಚೀಟಿಯಲ್ಲಿ, “ಲಿಬಿಯಾ ಮರುಭೂಮಿಯ ಗಾಜೆಂದು ಕೊಂಡದ್ದು, ದೊರೆತ ಸ್ಥಳ ತಿಳಿಯದು” ಎಂದು ಬರೆಯಿಸಿದ್ದೇನೆ. ತಂದವಳು ಮೊನ್ನೆ ಅದನ್ನು ಓದಿ ಮುಖ ಸಣ್ಣದು ಮಾಡಿಕೊಂಡಳು. “ಬೆಲೆಯನ್ನಾದರೂ ಬರೆಯಿಸಿ, ಅಮ್ಮಾ” ಎಂದಳು.